ಹಿಡಿಕೆಯಿಲ್ಲದ ಮನೆಯಲ್ಲಿ ಗುಂಡಪ್ಪ

ನಾನು ಒಂದು ಗುಂಡುಕಲ್ಲು. ನನ್ನನ್ನು ಹೆರುವುದಕ್ಕೆ ನಮ್ಮವ್ವನ ಹೊಟ್ಟೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿದರು. ನಮ್ಮವ್ವ ಅಂದರೆ ಒಂದು ಕರಿ ಬಂಡೆ. "ದೂರ ಸರೀರಿ!" ಎಂದು ಯಾರೋ ಕೂಗಿದರು. ಆಮೇಲೆ ಢಂ! ಬೇರೆ ಕೂಸುಗಳು ಹುಟ್ಟಿದ ಕೂಡಲೇ ಅಳುತ್ತವಂತೆ. ನಾನು ಹುಟ್ಟಿದಾಗ ಸುತ್ತಲಿದ್ದವರೇ ಕಿವಿ ಮುಚ್ಚಿಕೊಂಡು ಓಡಿದರು.

ಹುಟ್ಟು ಢಂ ಅಂದರೆ ಬಾಲ್ಯ ಟಣ್ ಟಣ್. ಯಮನೂರಪ್ಪ ಎಂಬ ಕಲ್ಲುಕುಟಿಗ ಉಳಿ ಹಿಡಿದು ನನ್ನ ಮೂಲೆಗಳನ್ನೆಲ್ಲ ಒಂದೊಂದಾಗಿ ಕಿತ್ತ. ಒಂದು ಬದಿ ದುಂಡಗೆ, ಇನ್ನೊಂದು ಬದಿ ಹಿಡಿಯುವುದಕ್ಕೆ ಸಣ್ಣಗೆ. ಮಗ್ಗುಲಲ್ಲಿ ಅದೇ ಬಂಡೆಯ ಇನ್ನೊಂದು ತುಂಡಿಗೆ ಹೊಟ್ಟೆ ಬಗೆದು ಕುಳಿ ತೋಡಿದ. ಅವಳು ಒರಳು, ನನ್ನ ಅಕ್ಕ. ಆಕೆ ಪೆಟ್ಟು ತಿನ್ನುವುದಕ್ಕೆ, ನಾನು ಕೊಡುವುದಕ್ಕೆ. ಹೆತ್ತವರ ಆಸ್ತಿ ನಮಗೆ ಹೀಗೆ ಪಾಲಾಯಿತು.

ನಮ್ಮಿಬ್ಬರನ್ನೂ ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಹೋದವಳು ಮುರಿಗೆವ್ವ. ಹಳೆ ಹುಬ್ಬಳ್ಳಿಯಲ್ಲಿ ಅವಳದೊಂದು ರೊಟ್ಟಿ ಖಾನಾವಳಿ. ಹೆಸರೇ ಮುರಿಗೆವ್ವ, ರೊಟ್ಟಿಯನ್ನೂ ಮುರಿಯುತ್ತಿದ್ದಳು, ಬಾಲ ಬಿಚ್ಚಿದವರ ಸೊಕ್ಕನ್ನೂ ಮುರಿಯುತ್ತಿದ್ದಳು. ಅವಳ ಅಂಗೈ ಬಿದ್ದರೆ ಸಾಕು, ನನಗೆ ರೋಷ ಉಕ್ಕುತ್ತಿತ್ತು. ಬೆಳ್ಳುಳ್ಳಿಯ ತಲೆ ಜಜ್ಜಿದೆ. ಒಣ ಮೆಣಸಿನಕಾಯಿಯ ಸೊಂಟ ಮುರಿದೆ. ಶೇಂಗಾ, ಗುರೆಳ್ಳು, ಅಗಸಿ ಯಾವುದಕ್ಕೂ ದಯೆ ತೋರಿಸಲಿಲ್ಲ. ನಾನು ಮಾಡಿದ ಕೊಲೆಗಳನ್ನು ಜನ ಎಣ್ಣೆ ಹಾಕಿಕೊಂಡು, ಬೆರಳು ನೆಕ್ಕಿಕೊಂಡು ತಿಂದರು.

ನನಗೆ ಬಾಯಿಲ್ಲ. ಆದರೂ ದಿನವಿಡೀ ಗರಗರ ತಿರುಗುವವನಿಗೆ ಇನ್ನೊಬ್ಬರ ದನಿ ಹಿಡಿಯುವುದು ಕಷ್ಟವಲ್ಲ. ಗಿರಾಕಿಗಳ ತೇಗು, ಬೆಕ್ಕಿನ ಗುರ್ರು, ಮುರಿಗೆವ್ವ ಸೊಂಟ ನೆಟ್ಟಗೆ ಮಾಡುವಾಗಿನ "ಯವ್ವಾ ಯವ್ವಾ", ಎಲ್ಲವೂ ಅಕ್ಕನ ಹೊಟ್ಟೆಯೊಳಗೆ ತಿರುಗುತ್ತಲೇ ನನಗೆ ಬಂದವು. ಊಟಕ್ಕೆ ಕೂತವರು ಪೇಪರು ಓದುವ ದನಿಯೂ ಬಂತು: "ತಲೆಯ ಮೇಲೆ ಕಲ್ಲು ಎತ್ತಿಹಾಕಿ ಕೊಲೆ!" ನಾನು ಹೆಮ್ಮೆಯಿಂದ ಕಿವಿಗೊಡುತ್ತಿದ್ದೆ. ಎತ್ತಿಹಾಕಿದವನ ಹೆಸರು, ಊರು ಇರುತ್ತಿತ್ತು. ಸತ್ತವನ ಹೆಸರು, ಫೋಟೊ ಇರುತ್ತಿತ್ತು. ಕಲ್ಲಿನ ಹೆಸರು ಮಾತ್ರ ಯಾವ ಪೇಪರಿನವರೂ ಹಾಕಲಿಲ್ಲ. ದುಡಿದವನನ್ನು ಕೇಳುವವರಿಲ್ಲ.

ಒಮ್ಮೆ ಒಬ್ಬ ಕುಡುಕ ರೊಟ್ಟಿ ಆರಿದೆಯೆಂದು ಬದನೆಕಾಯಿ ಪಲ್ಯದ ಗಂಗಾಳವನ್ನೇ ಮುರಿಗೆವ್ವನ ಮುಖಕ್ಕೆ ಎಸೆದ. ಹುಬ್ಬು ಹರಿದು ರಕ್ತ ಇಳಿಯಿತು. ಅವಳು ಅಳಲಿಲ್ಲ. ಒರಳಿನಿಂದ ನನ್ನನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು ಅವನ ಮುಂದೆ ಹೋಗಿ ನಿಂತಳು.

"ರೊಟ್ಟಿ ಆರ್ಯಾವನೋ ತಮ್ಮಾ? ತಡಿ, ಬಿಸೀದು ಕೊಡ್ತೀನಿ."

ಅವನ ಕಾಲಿನ ಹೆಬ್ಬೆರಳ ಮೇಲೆ ನನ್ನನ್ನು ಬಿಟ್ಟಳು. ಅವನ ಕಿರುಚಾಟವೂ ನನಗೆ ಚೆನ್ನಾಗಿ ಬರುತ್ತದೆ, ಆದರೆ ಇಲ್ಲಿ ಬರೆಯಲಿಕ್ಕಾಗುವುದಿಲ್ಲ. ಅವನ ಉಗುರು ನನಗೆ ಅಂಟಿಕೊಂಡು ಬಂತು. ಮುರಿಗೆವ್ವ ಬಿಸಿನೀರು ಸುರಿದು ನನ್ನನ್ನು ತಿಕ್ಕಿ ತೊಳೆದು ಮತ್ತೆ ಚಟ್ನಿಗೆ ಕೂತಳು. ಆ ದಿನದ ಕೆಂಪು ಚಟ್ನಿ ಬರೀ ಮೆಣಸಿನಕಾಯಿಯ ಕೆಂಪು. ಆಣೆ ಮಾಡುತ್ತೇನೆ.

ಇಷ್ಟೆಲ್ಲ ಹೊಡೆದಾಟದ ನಡುವೆ ನನಗೊಂದು ಮರ್ಯಾದೆಯ ಕೆಲಸವೂ ಇತ್ತು. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಹೋಗುವುದು ಕೂಸಲ್ಲ, ಗುಂಡುಕಲ್ಲು. ನನಗೆ ಎಣ್ಣೆ ಹಚ್ಚಿ ಎರೆಯುತ್ತಾರೆ. ಕಾಡಿಗೆಯಿಂದ ಕಣ್ಣು ಬರೆಯುತ್ತಾರೆ. ಕೂಸಿನಂತೆ ತಲೆಗೆ ಕುಂಚಿಗೆ ಕಟ್ಟುತ್ತಾರೆ. ಅಂದು ನಾನು ಕಲ್ಲಲ್ಲ, ಗುಂಡಪ್ಪ. ತೊಟ್ಟಿಲ ಆಚೆ ಈಚೆ ನಿಂತ ಹೆಂಗಸರು ನನ್ನನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ, ಕೂಸನ್ನು ಮೇಲಿನಿಂದ ಇಸಕೊಳ್ಳುತ್ತಾರೆ. "ಗುಂಡಪ್ಪನ್ನ ತಗೋರಿ, ಕೂಸಪ್ಪನ್ನ ಕೊಡ್ರಿ!" ಕೂಸಿಗೆ ಬರುವ ಪೆಟ್ಟೆಲ್ಲ ಗುಂಡಪ್ಪನಿಗೆ ಬರಲಿ, ಗುಂಡಪ್ಪನ ಗಟ್ಟಿತನ ಕೂಸಿಗೆ ಬರಲಿ ಎಂದು ಲೆಕ್ಕ. ಹೀಗಾಗಿ ಆ ಓಣಿಯ ಕೂಸುಗಳಿಗೆಲ್ಲ ನಾನು ಅಣ್ಣ. ಮುರಿಗೆವ್ವನ ಮೊಮ್ಮಗ ಸಂದೇಶನಿಗೂ ಅಣ್ಣ. ಅವನ ಅಪ್ಪ ಅವ್ವ ಒಂದೇ ಅಪಘಾತದಲ್ಲಿ ಹೋದ ಮೇಲೆ ಮುರಿಗೆವ್ವ ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ನನ್ನನ್ನು ತಿರುಗಿಸಿದಳು.

ಸಂದೇಶ ಓದಿದ, ಹುಬ್ಬಳ್ಳಿಯಲ್ಲೇ ಟೈಲ್ಸಿನ ಅಂಗಡಿ ಇಟ್ಟ, ಮೈಸೂರಿನ ಚಿನ್ಮಯಿಯನ್ನು ಮದುವೆಯಾದ. ಅವಳು ಮನೆಗಳ ಒಳಾಂಗಣ ರೂಪಿಸುವವಳು. ಮುರಿಗೆವ್ವನ ಮೊಣಕಾಲು ಹಿಡಿದು ಖಾನಾವಳಿ ಮುಚ್ಚಿತ್ತು. ಆ ಹಳೆ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುವುದೆಂದು ಗಂಡಹೆಂಡಿರು ಗೊತ್ತುಮಾಡಿದರು.

ಜೇಸಿಬಿ ಬಂತು. ಹಲ್ಲುಗಳ ಬಾಯಿ ತೆರೆದು ಗೋಡೆಗೆ ಕಚ್ಚಿತು. ಅಕ್ಕ ನೆಲದಲ್ಲಿ ಅರ್ಧ ಹೂತು ಕೂತಿದ್ದಳು. ಅವಳನ್ನು ಎಬ್ಬಿಸುವಷ್ಟು ಪುರಸೊತ್ತು ಜೇಸಿಬಿಗೆ ಎಲ್ಲಿ? ಒಂದೇ ಗುದ್ದು. ಟಪ್ಪೆಂದು ಎರಡು ಹೋಳಾದಳು. ಅಷ್ಟು ವರ್ಷ ನನ್ನ ಪೆಟ್ಟು ತಿಂದು ಒಂದು ದಿನವೂ ಬಿರುಕು ಬಿಡದವಳು. ಮಣ್ಣಿನ ಜತೆ ಅವಳೂ ಟಿಪ್ಪರು ಹತ್ತಿದಳು. ನನಗೆ ಗುಂಡಿಗೆ ಇಲ್ಲ, ನಾನೇ ಗುಂಡು ಎಂದು ನಗೆಯಾಡುತ್ತಿದ್ದೆ. ಅಂದು ಆ ನಗೆ ಬರಲಿಲ್ಲ. ಮುರಿಗೆವ್ವ ನನ್ನನ್ನು ತಾನು ಹೊದೆಯುವ ಕೌದಿಯಲ್ಲಿ ಸುತ್ತಿ ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದಳು.

ಹೊಸ ಮನೆ ಎದ್ದಿತು. ಒಳಗೆ ಹೋಗಿ ನೋಡಿದರೆ ಕಳ್ಳರು ಬಂದು ಹೋದ ಹಾಗಿತ್ತು. ಬಿಳಿ ಗೋಡೆ, ಬಿಳಿ ನೆಲ, ಬಿಳಿ ಸೂರು. ಕಪಾಟು ಎಲ್ಲಿದೆ, ಗೋಡೆ ಎಲ್ಲಿದೆ ತಿಳಿಯದು. ಯಾವ ಬಾಗಿಲಿಗೂ ಹಿಡಿಕೆಯಿಲ್ಲ. ಕೆಲವನ್ನು ಒತ್ತಬೇಕು, ಕೆಲವನ್ನು ತಟ್ಟಬೇಕು, ಕೆಲವಕ್ಕೆ ಬೆರಳ ಗುರುತು ತೋರಿಸಬೇಕು. ಹೊಸ್ತಿಲಿಲ್ಲ. ಮೆಟ್ಟಿಲಿಗೆ ಕಂಬಿಯಿಲ್ಲ.

"ಮಿನಿಮಲ್ ಮನೆ, ಆಯಿ," ಎಂದ ಸಂದೇಶ. ಅಜ್ಜಿಯನ್ನು ಅವನು ಕರೆಯುವುದು ಹಾಗೆ. "ಎಷ್ಟು ಕಡಿಮಿ ಇರ್ತೈತೋ ಅಷ್ಟು ಚಂದ."

"ಮಿನಿ ಮಾಲ್ ಅಂತೀ, ಮಾಲೇ ಕಾಣವಲ್ದಲ್ಲೋ! ಎಲ್ಲಾ ಮಾರ್ಕೊಂಡ್ಯೇನು?"

"ಅಜ್ಜಿ, ನೋಡ್ತಾ ಇರಿ, ಮನಸ್ಸಿಗೆ ಎಷ್ಟು ಹಗುರ ಅನ್ಸತ್ತೆ ಅಂತ," ಎಂದಳು ಚಿನ್ಮಯಿ. ಮೈಸೂರಿನ ಆ ಮೆತ್ತನೆಯ "ಅನ್ಸತ್ತೆ" ನನಗೆ ತಿರುಗಿಸಿ ಅನ್ನಲಿಕ್ಕೆ ಬಾರದೆ ಬಹಳ ದಿನ ಒದ್ದಾಡಿದೆ.

ಮನಸ್ಸಿಗೆ ಹಗುರವೋ ಏನೋ, ಮೈಗೆ ಮಾತ್ರ ಆ ಮನೆ ಭಾರಿ ಕೈಮಾಡುತ್ತಿತ್ತು. ನಾನು ಹೊಡೆಯುವ ಜಾತಿಯವನು. ನನ್ನವರನ್ನು ಕಂಡರೆ ಗುರುತು ಹಿಡಿಯುತ್ತೇನೆ. ಮೊದಲ ವಾರವೇ ಹಾಲು ಕೊಡಲು ಬಂದವನು ಒರೆಸಿ ಒರೆಸಿ ಕಾಣದಂತಾಗಿದ್ದ ಗಾಜಿನ ಗೋಡೆಗೆ ನೆಟ್ಟಗೆ ನಡೆದು ಹೋಗಿ ಮೂಗಿನಿಂದ ರಕ್ತ ಸುರಿಸಿಕೊಂಡ. ನೆಲಮಟ್ಟದ ಮಂಚದ ಮೂಲೆ ಸಂದೇಶನ ಮೊಣಕಾಲಿನ ಕೆಳಗೆ ಚರ್ಮ ಸುಲಿಯಿತು. ಅಡುಗೆ ಕಟ್ಟೆಯ ಚೂಪು ಅಂಚು ಚಿನ್ಮಯಿಯ ಸೊಂಟಕ್ಕೆ ಕಾಯಂ ಆಗಿ ನೀಲಿ ಒತ್ತಿತ್ತು. ಅವಳು ಹಲ್ಲು ಕಚ್ಚಿ, "ಅಭ್ಯಾಸ ಆಗತ್ತೆ," ಅನ್ನುತ್ತಿದ್ದಳು. ಮುರಿಗೆವ್ವ ಬಚ್ಚಲಿನಲ್ಲಿ ಜಾರಿದಳು. ಹಿಡಿಯಲು ಕೈ ಚಾಚಿದಳು. ಅಂಗೈ ನುಣ್ಣನೆ ಗೋಡೆಯ ಮೇಲೆ ಸರ್ರೆಂದು ಇಳಿಯಿತು. ಮುಂಗೈ ಎಲುಬು ಮುರಿಯಿತು.

ಆಸ್ಪತ್ರೆಯಿಂದ ಬಂದು ಪಟ್ಟಿ ಕಟ್ಟಿದ ಕೈ ತೋರಿಸಿ ಅಂದಳು: "ಮನಿ ಏನೋ ಚಂದ ಐತೆವ್ವಾ ಚಿನ್ಮಯಿ. ಆದ್ರ ಬೀಳೂ ಮುಂದ ಹಿಡ್ಕೊಳ್ಳಾಕ ಏನೂ ಇಲ್ಲ."

ಚಿನ್ಮಯಿ ಮುಖ ಸಣ್ಣದು ಮಾಡಿಕೊಂಡಳು. ಆದರೂ ಬಚ್ಚಲಿಗೆ ಒಂದು ಕಂಬಿ ಬರಲಿಲ್ಲ. ಬಿಳಿ ಗೋಡೆಯ ಮೇಲೆ ಅದು ಕಣ್ಣಿಗೆ ಚುಚ್ಚುತ್ತದಂತೆ.

ಗಂಡಹೆಂಡಿರಿಗೊಂದು ನೇಮವಿತ್ತು: ವರ್ಷವಿಡೀ ಕೈ ಮುಟ್ಟದ ಸಾಮಾನು ಮನೆಯಿಂದ ಹೊರಗೆ. ಮುರಿಗೆವ್ವನ ತಾಮ್ರದ ಹಂಡೆ ಹೋಯಿತು, ಬೀಸುವ ಕಲ್ಲು ಹೋಯಿತು, ಮಣೆಗಳು ಹೋದವು. ನನ್ನ ಸರದಿ ಬಂದಾಗೆಲ್ಲ ಮುರಿಗೆವ್ವ ನನ್ನನ್ನು ಕೌದಿಯಲ್ಲಿ ಸುತ್ತಿ ಒಂದೊಂದು ಕಡೆ ಬಚ್ಚಿಟ್ಟಳು. ಆ ಮನೆಯಲ್ಲಿ ಬಾಗಿಲುಗಳೆಲ್ಲ ಒಂದೇ ಥರ. ಒಂದು ದಿನ ಕಪಾಟು ಎಂದು ತಿಳಿದು ಅವಳು ನನ್ನನ್ನು ಇಟ್ಟದ್ದು ಗೋಡೆಯೊಳಗೆ ಅಡಗಿದ್ದ ಬಟ್ಟೆ ಒಗೆಯುವ ಮಷೀನಿನಲ್ಲಿ. ಅಜ್ಜಿ ಕೌದಿ ಒಗೆಯಲು ಹಾಕಿದ್ದಾರೆಂದು ಚಿನ್ಮಯಿ ಗುಂಡಿ ಒತ್ತಿದಳು.

ಮೊದಲು ಉಗುರು ಬೆಚ್ಚನೆ ನೀರು ಬಂತು. ಎಣ್ಣೆ ನೀರು ಎರೆಯುತ್ತಿದ್ದಾರೆ, ಯಾರದೋ ಹೆಸರಿಡುವ ಶಾಸ್ತ್ರವಿರಬೇಕು ಎಂದು ಹಿಗ್ಗಿದೆ. ಆಮೇಲೆ ಆ ಡಬ್ಬಿ ತಿರುಗಿತು. ತಿರುಗುವುದೆಂದರೆ ನನ್ನ ಕಸುಬೇ, ನಾನೂ ತಿರುಗಿದೆ. ಅದು ಜೋರು ಮಾಡಿತು, ನಾನೂ ಮಾಡಿದೆ. ಧಡ್! ಧಡಲ್! ಅದರ ಹೊಟ್ಟೆ ಹರಿಯಿತು, ಗಾಜಿನ ಕಣ್ಣು ಸಿಡಿಯಿತು, ಬಾಗಿಲು ಕಿತ್ತುಕೊಂಡು ನಾನು ಬಿಳಿ ನೆಲದ ಮೇಲೆ ಬಿದ್ದೆ. ನೆಲದಲ್ಲಿ ಜೇಡರ ಬಲೆಯಂತೆ ಬಿರುಕು.

ಚಿನ್ಮಯಿ ಆಗ ಬಸುರಿ. ಬಾಗಿಲ ಹಲಗೆ ಅವಳ ಹೊಟ್ಟೆಗೆ ಗೇಣು ದೂರದಲ್ಲಿ ಹಾರಿಹೋಗಿತ್ತು. ಅವಳು ನನ್ನತ್ತ ಬೆರಳು ಮಾಡಿದಳು.

"ಅಜ್ಜಿ, ನಿಮಗೆ ಕೈ ಮುಗೀತೀನಿ. ನನ್ನ ಮಗು ಹುಟ್ಟೋ ಹೊತ್ತಿಗೆ ಈ ಕಲ್ಲು ಮನೆ ಒಳಗೆ ಇರಕೂಡದು."

ಮುರಿಗೆವ್ವ ತಕರಾರು ಮಾಡಲಿಲ್ಲ. ತಪ್ಪು ಯಾರದೆಂದು ಅವಳಿಗೂ ಗೊತ್ತಿತ್ತು. ನನ್ನನ್ನು ಹಿತ್ತಲಿಗೆ ಹಾಕಿದರು. ಗುಜರಿಯವನನ್ನು ಕರೆದರೆ ಅವನು ನನ್ನನ್ನು ಕಾಲಿನಿಂದ ಉರುಳಿಸಿ, "ಕಬ್ಬಿಣ ಇದ್ರ ಕೊಡ್ರಿ ಅಕ್ಕಾರ. ಕಲ್ಲ್ ಯಾರ್ ತಗೋತಾರ್ರಿ?" ಎಂದು ನಕ್ಕು ಹೋದ. ಗುಜರಿಗೂ ಬೇಡವಾದವನು ನಾನು ಮೋರಿಯ ಪಕ್ಕ ಕೂತೆ. ಎದುರಿಗೆ ಮನೆಯ ಹಿಂಬದಿಯ ಗಾಜು. ಮನೆ ಪೂರ್ತಿ ಕಾಣುತ್ತಿತ್ತು. ಸಿನಿಮಾ ಹೌಸಿನ ಮುಂದಿನ ಸೀಟು ಸಿಕ್ಕಿತೆಂದು ಸಮಾಧಾನ ಮಾಡಿಕೊಂಡೆ.

ಹೆಣ್ಣುಕೂಸು ಹುಟ್ಟಿತು. ಬಂದವರೆಲ್ಲ ಮುಟ್ಟಿ ಸೋಂಕು ತಗಲಬಾರದೆಂದು ಅದಕ್ಕೊಂದು ಬೇರೆ ಕೋಣೆ. ಗಾಜಿನ ದಪ್ಪ ಬಾಗಿಲು, ತಾನಾಗಿ ಮುಚ್ಚಿಕೊಳ್ಳುವಂಥದ್ದು. ತೆರೆಯುವುದಕ್ಕೆ ಸಂದೇಶನದೋ ಚಿನ್ಮಯಿಯದೋ ಹೆಬ್ಬೆರಳ ಗುರುತು ಬೇಕು. ಅಂಗಡಿಯವನು ಮಾರುವಾಗ, "ಆನಿ ಬಂದ್ ಒದ್ರೂ ಒಡ್ಯಾಂಗಿಲ್ರಿ ಮೇಡಮ್!" ಅಂದಿದ್ದನಂತೆ. ಒಳಗೆ ನೆಲದ ಮೇಲೆ ಒಂದು ಹಾಸಿಗೆ, ಸೂರಿನಿಂದ ಒಂದು ತೊಟ್ಟಿಲು. ಮತ್ತೇನೂ ಇಲ್ಲ. ತೆರೆಯುವ ಕಿಟಕಿ ಕೂಡ ಇಲ್ಲ.

ಹೆಸರಿಡುವ ದಿನ ಹತ್ತಿರ ಬಂದಾಗ ಮುರಿಗೆವ್ವ ಬಾಯಿ ತೆರೆದಳು. "ಗುಂಡಪ್ಪ ಇಲ್ಲದ ತೊಟ್ಲಾಗ ಕೂಸು ಹಾಕಬಾರ್ದು, ತಂಗಿ."

"ಗುಂಡಪ್ಪ ಇರ್ತಾನೆ ಅಜ್ಜಿ. ತರಿಸಿದೀನಿ," ಎಂದು ಚಿನ್ಮಯಿ ಒಂದು ಡಬ್ಬಿ ತೆರೆದಳು. ಒಳಗೆ ಬೆಳ್ಳಗೆ ದುಂಡಗೆ ಒಂದು ಕಲ್ಲು. ಕಲ್ಲೇನು, ಕಲ್ಲಿನ ಮಿಮಿಕ್ರಿ! ಥರ್ಮಾಕೋಲಿನ ಮೇಲೆ ಬಣ್ಣ. ಮುರಿಗೆವ್ವ ಎರಡು ಬೆರಳಲ್ಲಿ ಎತ್ತಿದಳು.

"ಇದು ಗುಂಡಪ್ಪ ಅಲ್ಲವ್ವಾ, ಹಪ್ಪಳ."

"ಯಾರ ಕಾಲ ಮೇಲೂ ಬೀಳಲ್ಲ ಅಲ್ವಾ?"

ಹೊರಗೆ ಕೂತ ನನಗೆ ಹೊಟ್ಟೆ ಉರಿಯಿತು. ದನಿ ಕದಿಯುವುದು ನನ್ನ ಕೆಲಸ. ಇವನು ಬಂದು ನನ್ನನ್ನೇ ಕದ್ದುಬಿಟ್ಟಿದ್ದ.

ಹೆಸರಿಡುವ ದಿನ ಜನ ತುಂಬಿತು. ಕೂರಲು ಕುರ್ಚಿಯಿಲ್ಲ, ಚಪ್ಪಲಿ ಬಿಡಲು ಜಾಗವಿಲ್ಲ, ಚೀಲ ತೂಗುಹಾಕಲು ಒಂದು ಮೊಳೆಯಿಲ್ಲ. ಹೆಂಗಸರು ಕಪಾಟೆಂದು ಗೋಡೆಗಳನ್ನು ಒತ್ತುತ್ತ ಅಡ್ಡಾಡಿದರು. ಕಾಯಿ ಒಡೆಯಲು ಕಲ್ಲಿರಲಿಲ್ಲವಾಗಿ ಸಂದೇಶ ಮೆಟ್ಟಿಲ ಅಂಚಿಗೆ ಕುಕ್ಕಿ ಹೆಬ್ಬೆರಳು ಸೀಳಿಕೊಂಡ. ಅದಕ್ಕೆ ದಪ್ಪ ಬಟ್ಟೆ ಸುತ್ತಿದರು. ಚಿನ್ಮಯಿಯನ್ನು ಕೂರಿಸಿ ಕೈಗೆ ಅರಿಷಿಣ, ಎಣ್ಣೆ ಹಚ್ಚಿದರು.

ಸಂದೇಶನ ಸೋದರತ್ತೆ ಗೌರಕ್ಕ ಕೂಸನ್ನು ಎರೆದು ಕೋಣೆಯ ಹಾಸಿಗೆಯ ಮೇಲೆ ಮಲಗಿಸಿದಳು. ತೊಟ್ಟಿಲಿಗೆ ಲೋಬಾನದ ಹೊಗೆ ಕೊಡಬೇಕೆಂದು ಕೆಂಡದ ಬಟ್ಟಲನ್ನು ಅದರ ಕೆಳಗಿಟ್ಟಳು. "ಬರ್ರೇ, ತೊಟ್ಲಾ ತಯಾರಾತು!" ಎಂದು ಕರೆಯಲು ಹೊರಗೆ ಬಂದಳು. ಅವಳ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ, ಬಹಳ ನಾಜೂಕಾಗಿ ಮುಚ್ಚಿಕೊಂಡಿತು. ಟುಕ್.

ತೊಟ್ಟಿಲ ಶೃಂಗಾರಕ್ಕೆ ಕಟ್ಟಿದ್ದ ಬಿಳಿ ಪರದೆಯ ತುದಿ ಜಾರಿ ಕೆಂಡಕ್ಕೆ ತಾಗಿತು. ಅದನ್ನು ಮೊದಲು ಕಂಡವನು ನಾನು. ಬಾಯಿಲ್ಲದವನು.

ಆಮೇಲೆ ಗೌರಕ್ಕ ಕಂಡಳು. "ಬೆಂಕಿ! ಯಪ್ಪಾ, ಕೂಸು ಒಳಗೈತಿ!"

ಚಿನ್ಮಯಿ ಓಡಿಬಂದು ಗೋಡೆಯ ಮೇಲಿನ ಕರಿ ಚೌಕಕ್ಕೆ ಹೆಬ್ಬೆರಳು ಒತ್ತಿದಳು. ಟೀಂ. ಎಣ್ಣೆ, ಅರಿಷಿಣ, ಗುರುತು ಹತ್ತಲಿಲ್ಲ. ಸೀರೆಗೆ ಒರೆಸಿ ಒತ್ತಿದಳು. ಟೀಂ. ಸಂದೇಶ ಗಾಯದ ಬಟ್ಟೆ ಹರಿದೆಸೆದು ರಕ್ತದ ಬೆರಳು ಒತ್ತಿದ. ಟೀಂ. ಗಾಬರಿಯಲ್ಲಿ ಬೀಗರು ನೆಂಟರು ಎಲ್ಲರೂ ತಮ್ಮ ತಮ್ಮ ಬೆರಳು ಒತ್ತಿದರು. ಆ ಚೌಕ ಯಾವುದೋ ಹೆಣ್ಣಿನ ಸಕ್ಕರೆ ದನಿಯಲ್ಲಿ ಹೇಳಿತು: "ಕ್ಷಮಿಸಿ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ನಾನು ಕಲಿತ ದನಿಗಳಲ್ಲಿ ನನಗೆ ಅಸಹ್ಯವಾದದ್ದು ಅದೊಂದೇ.

"ಒಡೀರಿ! ಏನರ ತಗೊಂಡ್ ಒಡೀರೋ!"

ಏನು ತಗೊಂಡು ಒಡೆಯುತ್ತಾರೆ? ಊಟದ ಟೇಬಲ್ಲು ಗೋಡೆಗೆ ಬೆಸೆದದ್ದು. ಕೂರುವುದಕ್ಕಿದ್ದದ್ದು ಮೆತ್ತೆಯ ಮೂಟೆ. ಕುಟ್ಟಾಣಿ ಇಲ್ಲ, ಒನಕೆ ಇಲ್ಲ, ಸುತ್ತಿಗೆ ಇಲ್ಲ. ವರ್ಷವಿಡೀ ಕೈ ಮುಟ್ಟದ್ದೆಲ್ಲ ಹೊರಗೆ ಹೋಗಿತ್ತು. ಸಂದೇಶ ಭುಜದಿಂದ ಗುದ್ದಿದ; ಭುಜದ ಕೀಲೇ ತಪ್ಪಿತು. ಇನ್ನೊಂದು ಕೈಯಿಂದ ಆ ಬಿಳಿ ಗುಂಡಪ್ಪನನ್ನು ಎತ್ತಿ ಬೀಸಿದ. ಅದು ಪುಸಕ್ಕೆಂದು ಹಿಂದಕ್ಕೆ ಹಾರಿ ಅವನ ಮೂಗಿಗೇ ಬಡಿಯಿತು. ಒಳಗೆ ಪರದೆ ಉರಿಯುತ್ತ ತುಂಡು ತುಂಡಾಗಿ ಹಾಸಿಗೆಯ ಅಂಚಿಗೆ ಬೀಳುತ್ತಿತ್ತು. ಕೂಸು ಬಾಯಿ ತೆರೆದು ಅಳುತ್ತಿತ್ತು. ಗಾಜು ಎಷ್ಟು ಒಳ್ಳೆಯದೆಂದರೆ ಸದ್ದೇ ಕೇಳುತ್ತಿರಲಿಲ್ಲ. ಆಮೇಲೆ ಹೊಗೆ ಇಳಿದು ಆ ಬಾಯಿಯೂ ಕಾಣದಾಯಿತು.

ಮುರಿಗೆವ್ವ ಒಮ್ಮೆಲೇ ಚೀರಿದಳು. "ಹಿತ್ತಲದಾಗ ಗುಂಡಪ್ಪ ಅದಾನ, ಚಿನ್ಮಯೀ! ಗುಂಡಪ್ಪ!"

ಚಿನ್ಮಯಿ ಓಡಿಬಂದಳು. ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಬೆನ್ನ ಮೇಲೆ ಜೋತಾಡುತ್ತಿತ್ತು. ಮೋರಿಯ ಕೆಸರಿನಿಂದ ನನ್ನನ್ನು ಕಿತ್ತು ಹೊಟ್ಟೆಗೆ ಅವುಚಿಕೊಂಡಳು. ಎಣ್ಣೆಗೈ ಜಾರುತ್ತಿತ್ತು. ಆದರೆ ಯಮನೂರಪ್ಪ ಉಳಿಯಿಂದ ಹೊಡೆದು ಹೊಡೆದು ಮಾಡಿದ್ದ ಸಣ್ಣ ಬದಿ ಅವಳ ಅಂಗೈಗೆ ಸಿಕ್ಕಿತು. ಆ ಮನೆಯ ಸರಹದ್ದಿನಲ್ಲಿ ಹಿಡಿಕೆ ಇದ್ದದ್ದು ನನಗೊಬ್ಬನಿಗೇ.

"ನಡುವೆ ಹೊಡೆದ್ರೆ ಒಡೆಯಲ್ಲ!" ಎಂದು ತನಗೇ ಹೇಳಿಕೊಂಡಳು. ಗಾಜು ಆರಿಸಿದವಳು ಅವಳೇ. ಅದರ ಜೀವ ಎಲ್ಲಿದೆ ಎಂದು ಬಲ್ಲಳು. ಹಾಸಿಗೆಯಿಂದ ದೂರದ ಕೆಳಮೂಲೆ ನೋಡಿ ಮೊಣಕಾಲೂರಿ ನನ್ನನ್ನು ಬೀಸಿದಳು.

ನಾನು ನನ್ನ ಜೀವಮಾನದ ಸಿಟ್ಟನ್ನೆಲ್ಲ ತಂದೆ. ಅಕ್ಕನನ್ನು ಸೀಳಿದ ಜೇಸಿಬಿಯ ಸಿಟ್ಟು, ಹಾಲಿನವನ ಮೂಗಿನ ಸಿಟ್ಟು, ಮುರಿಗೆವ್ವನ ಮುಂಗೈಯ ಸಿಟ್ಟು. ಒಂದು ಪೆಟ್ಟು, ಗಾಜು ಗುಂಯ್ ಅಂದಿತು. ಇನ್ನೊಂದು. ಅವಳು ಬೈಯುತ್ತಿದ್ದಳು, ಮೈಸೂರಿನ ಆ ಮೆತ್ತನೆ ಬಾಯಿಂದ ನಮ್ಮ ಖಾನಾವಳಿಯಲ್ಲೂ ನಾನು ಕೇಳದ ಬೈಗುಳ. ಮತ್ತೊಂದಕ್ಕೆ ಇಡೀ ಬಾಗಿಲು ಜೋಳದ ಅರಳಿನಂತೆ ಸಿಡಿದು ಸುರಿಯಿತು. ನನ್ನ ಒಂದು ಚಕ್ಕೆಯೂ ಹಾರಿತು.

ಗಾಜಿನ ರಾಶಿಯ ಮೇಲೆ ಬರಿಗಾಲಲ್ಲಿ ಓಡಿ, ಹೊಗೆಯೊಳಗೆ ಕೈ ಹಾಕಿ ಅವಳು ಕೂಸನ್ನು ಎತ್ತಿದಳು. ಮುರಿಗೆವ್ವ ಪೂಜೆಗಿಟ್ಟ ಕೊಡದ ನೀರನ್ನು ಉರಿಯುವ ಹಾಸಿಗೆಯ ಮೇಲೆ ಸುರಿದಳು. ಕೂಸು ಸುಮ್ಮನಿತ್ತು. ಚಿನ್ಮಯಿ ಅದನ್ನು ಮಗುಚಿ ಬೆನ್ನಿಗೆ ಬಡಿದಳು. ಮತ್ತೆ ಬಡಿದಳು.

ಕೂಸು ಕೆಮ್ಮಿತು. ಆಮೇಲೆ ಸೂರು ಹಾರುವಂತೆ ಅತ್ತಿತು. ನಾನು ಹುಟ್ಟಿದಾಗಿನ ಢಂ ಬಿಟ್ಟರೆ ಅಷ್ಟು ಚಂದದ ಸದ್ದನ್ನು ನಾನು ಕೇಳಿಲ್ಲ.

ಚಿನ್ಮಯಿಯ ಅಂಗಾಲಿನಿಂದ ಬಿಳಿ ನೆಲದ ಮೇಲೆಲ್ಲ ಕೆಂಪು ಹೆಜ್ಜೆ. ಅವಳು ಗೋಡೆಗೊರಗಿ ಕೂತು ಬಿಕ್ಕಿದಳು. "ಅಜ್ಜಿ... ಹಿಡ್ಕೊಳ್ಳಾಕ ಏನೂ ಇಲ್ಲ ಅಂದ್ರಲ್ಲ ಅವತ್ತು..." ಮುರಿಗೆವ್ವ ಸೆರಗಿನಿಂದ ಅವಳ ಕಾಲು ಒತ್ತಿ ಹಿಡಿದಳು.

ಗಾಯ ಮಾಗಿದ ಮೇಲೆ ಹೊಸ ತೊಟ್ಟಿಲು ಕಟ್ಟಿದರು. ನನಗೆ ಎಣ್ಣೆ ನೀರು ಎರೆದವಳು ಚಿನ್ಮಯಿಯೇ. ಕಾಡಿಗೆಯಿಂದ ಕಣ್ಣು ಬರೆದಳು. ಒಂದು ದೊಡ್ಡದು, ಒಂದು ಸಣ್ಣದಾಯಿತು. ಮನೆಗಳಿಗೆ ನಕ್ಷೆ ಬರೆಯುವವಳ ಕೈ, ನಗೆ ಬಂತು. ನನ್ನನ್ನು ದಾಟಿಸುವಾಗ "ಗುಂಡಪ್ಪನ್ನ ತಗೋರಿ" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದಳು. ಕೂಸಿಗೆ ನೀಲಾಂಬಿಕೆ ಎಂದು ಹೆಸರಿಟ್ಟರು.

ಈಗ ನಾನು ಮುದುಕ. ಮೈ ನುಣ್ಣಗಾಗಿದೆ, ಒಂದು ಬದಿ ಬೋಡಾಗಿದೆ. ಮನೆ ಇನ್ನೂ ಬಿಳಿಯೇ, ಸಾಮಾನು ಇನ್ನೂ ಕಡಿಮೆಯೇ. ಆದರೆ ಬಚ್ಚಲಿಗೆ ಕಂಬಿ ಬಂದಿದೆ, ಮೆಟ್ಟಿಲಿಗೂ ಬಂದಿದೆ. ಕೂಸಿನ ಕೋಣೆಗೆ ಹಿಡಿಕೆಯಿರುವ ಮರದ ಬಾಗಿಲು ಬಂದಿದೆ. ಗಾಳಿಗೂ ಅದು ಮುಚ್ಚಿಕೊಳ್ಳಬಾರದೆಂದು ನನ್ನನ್ನು ಅದರ ಬುಡಕ್ಕೆ ಇಟ್ಟಿದ್ದಾರೆ. ಇನ್ನು ವರ್ಷವಿಡೀ ಯಾರೂ ನನ್ನನ್ನು ಎತ್ತದಿದ್ದರೂ ಹೊರಗೆ ಹಾಕುವುದಿಲ್ಲ.

ನೀಲಾ ಈಗ ಎದ್ದು ನಿಲ್ಲಲು ಕಲಿಯುತ್ತಿದ್ದಾಳೆ. ಗೋಡೆ ನುಣ್ಣಗೆ ಜಾರುತ್ತದೆ. ಹಾಗಾಗಿ ಅಂಬೆಗಾಲಲ್ಲಿ ನನ್ನ ಹತ್ತಿರ ಬಂದು, ನನ್ನ ಸಣ್ಣ ಬದಿ ಹಿಡಿದು ಎದ್ದು ನಿಲ್ಲುತ್ತಾಳೆ. ಒಮ್ಮೊಮ್ಮೆ ತೂಕ ತಪ್ಪಿ ಹಣೆಯನ್ನು ನನಗೇ ಬಡಿದುಕೊಳ್ಳುತ್ತಾಳೆ. ಅವಳು ಬಾಯಿ ತೆರೆದು ಅಳುವ ಮೊದಲೇ ಚಿನ್ಮಯಿ ಓಡಿಬಂದು ಎತ್ತಿಕೊಂಡು ನನಗೆ ಪಟಪಟ ಬಾರಿಸುತ್ತಾಳೆ.

"ಹತ್! ನಮ್ಮ ಕೂಸಿಗೆ ಬಡೀತಾನ? ಬಡಿ ಅವನ್ನ, ನೀಲಾ! ಬಡಿ ಗುಂಡಪ್ಪನ್ನ!"

ನೀಲಾ ಅಳು ಮರೆತು, ಆ ಮೆತ್ತನೆ ಅಂಗೈ ಎತ್ತಿ ನನ್ನನ್ನು ಹೊಡೆಯುತ್ತಾಳೆ. ಮದ್ದಿನಿಂದ ಹುಟ್ಟಿದವನು, ಉಳಿಯಿಂದ ಬೆಳೆದವನು, ಈ ಪೆಟ್ಟಿಗೆ ಮಾತ್ರ ಪ್ರತಿ ಸಲವೂ ಸೋತುಹೋಗುತ್ತೇನೆ.